ಜಪ್ತಿಯಕ್ಕನ ಕಪಾಟು

ಆ ಚಿಕಿತ್ಸಾಲಯದ ಬೋರ್ಡಿನಲ್ಲಿ ಆಕೆಯ ಹುದ್ದೆ ‘ಪಥ್ಯ ಮೇಲ್ವಿಚಾರಕಿ’ ಎಂದು ಬರೆದಿತ್ತು. ಆದರೆ ಅಲ್ಲಿ ಇಪ್ಪತ್ತೊಂದು ದಿನ ಇದ್ದು ಬಂದವರ ಹತ್ತಿರ ಹಾಗೆ ಕೇಳಿ ನೋಡಿ, ಯಾರು ಅಂತ ತಲೆ ಕೆರೆದುಕೊಳ್ಳುತ್ತಾರೆ. ಜಪ್ತಿಯಕ್ಕ ಅನ್ನಿ, ಕೂಡಲೇ ನಗುತ್ತಾರೆ. ನಾನೂ ಅಷ್ಟೇ.

ಐವತ್ತೈದು ದಾಟಿದ ಗಟ್ಟಿ ಹೆಂಗಸು. ನಡೆದರೆ ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ಸದ್ದು ಮಾಡುತ್ತಿತ್ತು. ಆ ಸದ್ದು ಕೇಳಿದರೆ ಕೋಣೆಯೊಳಗೆ ಕದ್ದು ಬಾಯಾಡಿಸುತ್ತಿದ್ದವರ ದವಡೆ ಅಲ್ಲೇ ನಿಲ್ಲುತ್ತಿತ್ತು. ಆ ಗೊಂಚಲನ್ನು ಆಕೆ ತಾನಾಗಿಯೇ ಬಿಚ್ಚಿ, ಮೂವತ್ತು ಜನರೆದುರು ಮೇಜಿನ ಮೇಲಿಟ್ಟ ಸಂಜೆ ನಾನು ಅಲ್ಲೇ ಇದ್ದೆ. ಇದ್ದೆ ಅಂದರೆ ಸುಮ್ಮನೆ ನೋಡುತ್ತಿದ್ದೆ ಅಂತಲ್ಲ, ಅದರಲ್ಲಿ ನನ್ನ ಪಾಲೂ ಇತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಡ್ರೈವಿಂಗ್ ಕಲಿಸುವವನು. ಇಪ್ಪತ್ತೆಂಟು ವರ್ಷದಿಂದ ಪಕ್ಕದ ಸೀಟಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂತವನು. ಬ್ರೇಕ್ ಒತ್ತಿ ಅಂದರೆ ಆಕ್ಸಿಲರೇಟರ್ ಒತ್ತುವ ಶಿಷ್ಯರೆಲ್ಲ ಸೇರಿ ನನಗೆ ಕೊಟ್ಟ ಗುರುದಕ್ಷಿಣೆ ಈ ಹುಳಿತೇಗು. ಎದೆಯುರಿ, ಬಾಯಲ್ಲಿ ಸದಾ ಕಹಿನೀರು, ಊಟ ಮುಗಿಸಿ ಬಗ್ಗಿದರೆ ಗಂಟಲಿಗೆ ಬೆಂಕಿ. ಗುಳಿಗೆ ನುಂಗಿ ನುಂಗಿ ಸಾಕಾಗಿತ್ತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರಲ್ಲ, ನನ್ನ ಹೆಂಡತಿಯ ಪ್ರಕಾರ ನನಗೆ ಎರಡೂ ಬಾರದು. ಅವಳೇ ನನ್ನನ್ನು ಅಲ್ಲಿಗೆ ಸೇರಿಸಿ, ಚೀಲ ಇಳಿಸಿ, ತಿರುಗಿಯೂ ನೋಡದೆ ಹೊರಟುಹೋದಳು.

ಹಳೆಯ ವಿದ್ಯಾರ್ಥಿನಿಲಯವೊಂದನ್ನು ಆಯುರ್ವೇದ ಚಿಕಿತ್ಸಾಲಯ ಮಾಡಿದ್ದರು. ಉದ್ದನೆಯ ಪಡಸಾಲೆ, ಎರಡೂ ಬದಿಗೆ ಕೋಣೆ, ಕೋಣೆಗೆ ಎರಡೆರಡು ಮಂಚ. ಹಿಂದೆ ಯಾರೋ ಪರೀಕ್ಷೆಗೆಂದು ಗೋಡೆಗೆ ಕೊರೆದಿಟ್ಟ ಗಣಿತದ ಸೂತ್ರಗಳು ಸುಣ್ಣ ಬಳಿದರೂ ಕಾಣುತ್ತಿದ್ದವು. ಬಾಗಿಲು ದಾಟಿದ ಕೂಡಲೇ ಕಾದ ಎಣ್ಣೆಯ ವಾಸನೆ, ಅದರ ಹಿಂದೆಯೇ ಕಷಾಯ ಕುದಿಯುವ ವಾಸನೆ. ಸಕ್ಕರೆ ಕಾಯಿಲೆಯವರು, ನನ್ನಂಥ ಹುಳಿಹೊಟ್ಟೆಯವರು, ಎರಡೂ ಇರುವ ಪುಣ್ಯಾತ್ಮರು, ಒಟ್ಟು ಮೂವತ್ತು ಜನ. ಎಲ್ಲರೂ ಒಂದೇ ಸೋಮವಾರ ಒಳಗೆ ಹೋಗಬೇಕು, ಮೂರು ವಾರ ಕಳೆದು ಇನ್ನೊಂದು ಸೋಮವಾರ ಹೊರಗೆ ಬರಬೇಕು. ವೈದ್ಯರು ಕಮ್ಮಿ ಮಾತಿನ ಹಿರಿಯರು. ಸಕ್ಕರೆ ಕಾಯಿಲೆಯನ್ನು ಬೇರುಸಹಿತ ಕಿತ್ತುಹಾಕುತ್ತೇವೆ ಎಂದು ಅವರು ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಸಂಜೆ ರಕ್ತ ನೋಡುತ್ತೇವೆ, ಊಟ ನಿದ್ದೆ ನಡಿಗೆ ಮೂರನ್ನೂ ದಾರಿಗೆ ತರುತ್ತೇವೆ, ಇಂಜೆಕ್ಷನ್ನಾಗಲಿ ಗುಳಿಗೆಯಾಗಲಿ ನಾನು ಹೇಳದೆ ಯಾರೂ ನಿಲ್ಲಿಸಬೇಡಿ ಎಂದಷ್ಟೇ ಹೇಳಿದರು.

ಆಮೇಲೆ ಊಟದ ಕೋಣೆಯಲ್ಲಿ ಚೀಲ ತಪಾಸಣೆ. ಅದು ಆ ಮನೆಯ ಪದ್ಧತಿ. ಎಲ್ಲರೆದುರೇ ಚೀಲ ಬಿಚ್ಚಬೇಕು. ಒಬ್ಬರ ಟವೆಲ್ಲಿನ ಮಡಿಕೆಯಿಂದ ಬಿಸ್ಕತ್ತು, ಇನ್ನೊಬ್ಬರ ಶೂ ಒಳಗಿಂದ ಚಾಕೊಲೇಟು, ನಿವೃತ್ತ ಪೋಸ್ಟ್‌ಮಾಸ್ಟರ್ ಒಬ್ಬರ ಔಷಧಿ ಬಾಟಲಿಯಲ್ಲಿ ಔಷಧಿಯ ಬದಲು ಉಪ್ಪಿನಕಾಯಿ. ಜಪ್ತಿಯಕ್ಕ ಒಂದೊಂದನ್ನೂ ಬೇರೆ ಬೇರೆ ಡಬ್ಬಿಗೆ ಹಾಕಿ, ಕೋಣೆಯ ಸಂಖ್ಯೆ ಬರೆದು ಚೀಟಿ ಅಂಟಿಸಿ, ಗೋಡೆಯ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಹೊರಡುವ ದಿನ ಎಲ್ಲ ವಾಪಸ್. ಇಪ್ಪತ್ತೊಂದು ದಿನ ಆದ ಮೇಲೆ ಅದನ್ನು ತಿನ್ನುತ್ತೀರೋ ಎಸೆಯುತ್ತೀರೋ ನಿಮ್ಮಿಷ್ಟ ಅನ್ನುವುದು ಆಕೆಯ ಮಾತು.

ನನ್ನ ಸರದಿ ಬಂತು. ಚೀಲದಲ್ಲಿ ಏನೂ ಸಿಗಲಿಲ್ಲ. ನಾನು ಒಳಗೊಳಗೇ ಬೀಗುತ್ತಿದ್ದೆ. ಆಕೆ ನನ್ನ ಕೈಯಲ್ಲಿದ್ದ ಕೊಡೆಯನ್ನು ನೋಡಿದರು.

“ಹೊರಗೆ ಇಷ್ಟು ಬಿಸಿಲಿದೆ. ಕೊಡೆಗೆ ದಾರ ಬೇರೆ ಬಿಗಿದು ಕಟ್ಟಿದ್ದೀರಲ್ಲ, ಯಾಕ್ ಸಾರ್?”

“ಹಾಗೇ… ಅಭ್ಯಾಸ.”

ಆಕೆ ದಾರ ಬಿಚ್ಚಿ ಕೊಡೆ ಅರಳಿಸಿದರು. ಖಾರ ಹಚ್ಚಿ ಹುರಿದ ಅರ್ಧ ಕಿಲೋ ಕಡಲೆಕಾಯಿ ಬೀಜ ಊಟದ ಕೋಣೆಯ ತುಂಬ ಮಳೆಯಂತೆ ಸುರಿದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಬೇರೆ, ಮೂವತ್ತು ಜನರ ನಗು ಬೇರೆ. ನಾನೇ ಬಗ್ಗಿ ಒಂದೊಂದನ್ನೂ ಆರಿಸಿ ಕೊಟ್ಟೆ, ಕಿವಿ ಬಿಸಿಯಾಗಿತ್ತು. ಈ ನಗು ನನ್ನ ಮೇಲಿಂದ ಇಳಿದು ಬೇಗ ಇನ್ಯಾರ ಮೇಲಾದರೂ ಹತ್ತಲಿ ಅಂತ ಕಾಯುತ್ತಿದ್ದೆ. ಇದನ್ನು ಮುಚ್ಚಿಡುವುದಿಲ್ಲ.

ಮುಂದಿನ ಸರದಿ ನನ್ನ ಕೋಣೆಯ ಇನ್ನೊಂದು ಮಂಚದವರದು. ಟೈಲರ್. ನಲವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಬೆನ್ನು ಹಾಗೇ ನಿಂತುಬಿಟ್ಟಿತ್ತು. ದನಿ ಎಷ್ಟು ಮೆತ್ತಗೆ ಅಂದರೆ, ಪಕ್ಕದಲ್ಲಿದ್ದರೂ ಎರಡು ಸಲ ಕೇಳಬೇಕು. ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ಚುಚ್ಚಿಕೊಳ್ಳುವವರು. ಅವರ ಜೇಬಿನಲ್ಲಿ ಚಪ್ಪಟೆಯದೊಂದು ಸೂಜಿ ಡಬ್ಬಿ ಇತ್ತು. ಮೇಲೆ ಸೂಜಿ, ದಾರ, ನಾಲ್ಕು ಗುಂಡಿ. ಅಕ್ಕ ಬೆರಳಿನಿಂದ ಕಾಗದ ಎತ್ತಿದರೆ ಕೆಳಗೆ ಎಂಟು ಸಕ್ಕರೆ ತುಂಡು, ಚೌಕ ಚೌಕ.

“ಏನಿದು?” ಅಂದರು ಅಕ್ಕ.

“ಅದು ಅಕ್ಕಾ… ನಂಗೆ ಒಂದೊಂದ್ಸಲ…” ಟೈಲರ್ ಮಾತು ಶುರು ಮಾಡಿದರು.

“ಕಳ್ಳನಿಗೊಂದು ಪಿಳ್ಳೆ ನೆವ!” ಎಂದೆ ನಾನು, ಕೊನೆಯ ಬೆಂಚಿಗೂ ಕೇಳುವ ಹಾಗೆ.

ಎಲ್ಲರೂ ಗೊಳ್ಳೆಂದು ನಕ್ಕರು. ಜಪ್ತಿಯಕ್ಕನ ತುಟಿಯೂ ಸ್ವಲ್ಪ ಅರಳಿತು. ಟೈಲರ್ ಮಾತನ್ನು ಅಲ್ಲಿಗೇ ಬಿಟ್ಟು, ಅವರೂ ನಮ್ಮ ಜೊತೆ ಸೇರಿ ನಕ್ಕರು. ಅಕ್ಕ ಸೂಜಿ ದಾರ ಗುಂಡಿಗಳನ್ನು ಅವರ ಕೈಗೆ ಕೊಟ್ಟು, ಸಕ್ಕರೆಯನ್ನು ಡಬ್ಬಿ ಸಮೇತ ಇಟ್ಟುಕೊಂಡು ಚೀಟಿ ಬರೆದರು: ‘ಕೋಣೆ ಏಳು. ಟೈಲರ್. ಸಕ್ಕರೆ ತುಂಡು ಎಂಟು.’ ಬೀಗ ಬಿತ್ತು.

ಇಷ್ಟು ಓದಿ ಆಕೆ ಪೊಲೀಸಿನವರ ಹಾಗೆ ಅಂದುಕೊಂಡರೆ ತಪ್ಪು. ಬೆಳಿಗ್ಗೆ ಆರಕ್ಕೆ ನಾವು ಸಾಲಾಗಿ ನಿಂತು ಕಷಾಯ ಕುಡಿಯುವಾಗ ಆಕೆಯೂ ಒಂದು ಲೋಟ ಕುಡಿಯುತ್ತಿದ್ದರು, ನಮ್ಮಷ್ಟೇ ಮುಖ ಕಿವಿಚಿ. ಯಾಕಕ್ಕಾ, ನಿಮಗೇನು ರೋಗ ಅಂದರೆ, “ಇದು ಎಷ್ಟು ಕೆಟ್ಟದಾಗಿದೆ ಅಂತ ದಿನಾ ನೆನಪಿರ್ಬೇಕು. ಮರೆತುಹೋದ್ರೆ ನಿಮ್ಮ ಮೇಲೆ ರೇಗ್ತೀನಿ” ಎನ್ನುತ್ತಿದ್ದರು. ಚಿಕಿತ್ಸೆಗೆಂದು ಔಷಧಿಯ ತುಪ್ಪ ಕುಡಿಸುವ ದಿನಗಳಲ್ಲಿ ವಾಕರಿಕೆ ಬಂದವರ ಬೆನ್ನು ನೀವಲು ಆಕೆಯೇ ಬರುತ್ತಿದ್ದರು. ಯಾರ ಗಂಜಿ ಎಷ್ಟು ತೆಳ್ಳಗಿರಬೇಕು ಅನ್ನುವುದನ್ನು ಯಾವ ಪುಸ್ತಕವನ್ನೂ ನೋಡದೆ ಹೇಳುತ್ತಿದ್ದರು. ಅಲ್ಲಿ ಹೊಟ್ಟೆ ತೊಳೆಯುವ ಔಷಧಿ ಕೊಟ್ಟ ಮೇಲೆ ಮೊದಲು ಬರೀ ಅಕ್ಕಿ ಬೆಂದ ನೀರು, ಮಾರನೆಯ ದಿನ ತೆಳು ಗಂಜಿ, ಆಮೇಲೆ ಗಟ್ಟಿ ಗಂಜಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮತ್ತೆ ಊಟಕ್ಕೆ ಹತ್ತಿಸುತ್ತಾರೆ. ಮೂವತ್ತು ಜನ ಮೂವತ್ತು ಮೆಟ್ಟಿಲಲ್ಲಿ ಇರುತ್ತಿದ್ದರು. ಒಬ್ಬರದು ಇನ್ನೊಬ್ಬರಿಗೆ ಹೋದದ್ದನ್ನು ನಾನು ಒಂದು ದಿನವೂ ಕಾಣಲಿಲ್ಲ.

ಎಲ್ಲಕ್ಕಿಂತ ನನ್ನನ್ನು ಮುಟ್ಟಿದ್ದು ಪಾದದ ಕೆಲಸ. ಸಂಜೆ ಐದಕ್ಕೆ ಪಡಸಾಲೆಯಲ್ಲಿ ಒಂದು ಗಿಡ್ಡ ಮಣೆ ಹಾಕಿಕೊಂಡು, ಟಾರ್ಚ್ ಹಿಡಿದು, ಸಕ್ಕರೆ ಕಾಯಿಲೆಯ ಒಬ್ಬೊಬ್ಬರ ಪಾದವನ್ನೂ ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದರು. ಹಿಮ್ಮಡಿ, ಬೆರಳ ಸಂದಿ, ಉಗುರಿನ ಮೂಲೆ. ಪೋಸ್ಟ್‌ಮಾಸ್ಟರ್ ನಾಲ್ಕನೆಯ ದಿನ ಮುಜುಗರದಿಂದ ಕಾಲು ಹಿಂದೆಳೆದುಕೊಂಡರು. ಆಕೆ ಗದರಿಸಿ ಎಳೆದು ನೋಡಿದರೆ ಅಂಗಾಲಿನಲ್ಲಿ ಬಟಾಣಿಯಷ್ಟು ಹುಣ್ಣು, ಚಪ್ಪಲಿಯ ಮೊಳೆ ಚುಚ್ಚಿ ಚುಚ್ಚಿ ಆದದ್ದು. ಅವರಿಗೆ ನೋವೇ ಗೊತ್ತಾಗಿರಲಿಲ್ಲ. “ಮೂವತ್ತು ವರ್ಷ ನಿಮ್ಮನ್ನ ಪೋಸ್ಟಾಫೀಸಿಗೆ ಹೊತ್ತ ಕಾಲು ಇದು. ಇದಕ್ಕೆ ದಿನಕ್ಕೆ ಒಂದ್ಸಲ ಹೇಗಿದ್ದೀಯ ಅಂತ ಕೇಳೋಕೆ ಏನ್ ಕಷ್ಟ ನಿಮ್ಗೆ?” ಎಂದು ಬೈಯುತ್ತಲೇ ತೊಳೆದು ಪಟ್ಟಿ ಕಟ್ಟಿದರು. ಪೋಸ್ಟ್‌ಮಾಸ್ಟರ್ ಕಣ್ಣು ಒರೆಸಿಕೊಂಡರು.

ಇಷ್ಟೆಲ್ಲ ಯಾಕೆ ಅನ್ನುವುದನ್ನು ಆಕೆ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಾ ಹೇಳಿದರು. ಆಕೆಯ ಗಂಡ ಬೇಕರಿಯಲ್ಲಿ ಒಲೆ ನೋಡುತ್ತಿದ್ದವರು. ಸಕ್ಕರೆ ಕಾಯಿಲೆ ಬಂದ ಮೇಲೂ ದಿಂಬಿನ ಕೆಳಗೆ ಬಿಸ್ಕತ್ತು ಬಚ್ಚಿಟ್ಟುಕೊಳ್ಳುತ್ತಿದ್ದರು.

“ಬೆಳಿಗ್ಗೆ ದಿಂಬು ಕೊಡವಿದ್ರೆ ಪುಡಿ ಉದುರೋದು. ನೋಡಿಯೂ ನೋಡದ ಹಾಗೆ ಇರ್ತಿದ್ದೆ. ಅಯ್ಯೋ ಪಾಪ, ಒಂದು ಬಿಸ್ಕತ್ತಲ್ವಾ ಅಂತ. ಮೊದ್ಲು ಒಂದು ಕಣ್ಣು ಹೋಯ್ತು. ಆಮೇಲೆ ಪಾದ. ಆಮೇಲೆ ಅವ್ರೇ ಹೋದ್ರು. ನನ್ನ ಅಯ್ಯೋ ಪಾಪಾನೇ ಅವರನ್ನ ತಿಂದುಬಿಡ್ತು ಸಾರ್. ಅವತ್ತೇ ತೀರ್ಮಾನ ಮಾಡ್ದೆ, ಇನ್ನು ಮೇಲೆ ಕಂಡದ್ದನ್ನ ಕಂಡಿಲ್ಲ ಅನ್ನೋದಿಲ್ಲ, ಯಾರು ಏನು ನೆವ ಹೇಳಿದ್ರೂ ಕೇಳೋದಿಲ್ಲ.”

ಹನ್ನೆರಡು ವರ್ಷದಿಂದ ಆಕೆ ಆ ಮಾತಿನ ಮೇಲೆ ನಿಂತಿದ್ದರು. ಮಕ್ಕಳಿಲ್ಲ, ಇನ್ನೊಂದು ಮನೆಯಿಲ್ಲ. ಅಡುಗೆಮನೆಯ ಹಿಂದಿನ ಕೋಣೆ, ಈ ಕೆಲಸ, ಈ ಗೊಂಚಲು, ಅಷ್ಟೇ ಆಕೆಯ ಸಂಸಾರ. ನನಗೆ ಆಕೆಯ ಮೇಲಿದ್ದ ಕಡಲೆಕಾಯಿ ಸಿಟ್ಟು ಆವತ್ತೇ ಇಳಿದುಹೋಯಿತು.

ಹತ್ತನೆಯ ದಿನ ಟೈಲರಿಗೆ ಹೊಟ್ಟೆ ತೊಳೆಯುವ ಔಷಧಿ ಕೊಟ್ಟರು. ಊಟ ಇರುವುದಿಲ್ಲವೆಂದು ವೈದ್ಯರು ಇನ್ಸುಲಿನ್ನನ್ನೂ ಅಳೆದು ತಗ್ಗಿಸಿದ್ದರು. ಹನ್ನೊಂದನೆಯ ದಿನ ಮಧ್ಯಾಹ್ನ ತೆಳು ಗಂಜಿ ಬಂತು. ಅಲ್ಲಿಯ ಇನ್ನೊಂದು ನಿಯಮವೆಂದರೆ ಬಟ್ಟಲು ಖಾಲಿಯಾಗಿಯೇ ವಾಪಸ್ ಬರಬೇಕು. ಖಾಲಿ ಬಂದರೆ ಗಂಜಿ ಹೊಟ್ಟೆಗೆ ಹೋಗಿದೆ ಅಂತ ಜಪ್ತಿಯಕ್ಕ ಪುಸ್ತಕದಲ್ಲಿ ಗುರುತು ಹಾಕುತ್ತಿದ್ದರು. ಟೈಲರಿಗೆ ಎರಡು ಗುಟುಕಿಗೇ ಓಕರಿಕೆ ಬಂದಿತ್ತು. ಹೇಳಿಕೊಳ್ಳಲು ಸಂಕೋಚ. ಕಿಟಕಿಯ ಹೊರಗಿದ್ದ ಹೂವಿನ ಕುಂಡಕ್ಕೆ ಗಂಜಿ ಸುರಿದು, ಬಟ್ಟಲು ತೊಳೆದು, ತಾವೇ ಕೊಂಡುಹೋಗಿ ಇಟ್ಟು ಬಂದರು. ಇದು ನಮಗೆ ಗೊತ್ತಾದದ್ದು ಆಮೇಲೆ.

ಆ ಹೊತ್ತಿಗೆ ನಾನು ಅವರ ಕೈಗೆ ನನ್ನ ಅಂಗಿ ಕೊಟ್ಟಿದ್ದೆ. ಹೊಟ್ಟೆಯ ಮೇಲಿನ ಗುಂಡಿ ಒಂದು ಬಹಳ ದಿನ ನನ್ನನ್ನು ತಡೆದುಕೊಂಡು ಕೊನೆಗೆ ಕೈಬಿಟ್ಟಿತ್ತು. ಅಲ್ಲಿದ್ದ ಎಲ್ಲರ ಹರಿದದ್ದು ಬಿಚ್ಚಿದ್ದು ಟೈಲರೇ ಹೊಲಿಯುತ್ತಿದ್ದರು, ಕೈ ಖಾಲಿ ಇದ್ದರೆ ಅವರಿಗೆ ಆಗುತ್ತಿರಲಿಲ್ಲ. ಮೂರೂವರೆಗೆ ಅವರು ಅಂಗಿಯನ್ನು ಮಂಚದ ಮೇಲಿಟ್ಟು, ಮಾತಾಡದೆ ಹೊರಗೆ ಹೋದರು. ನಾನು ತೊಟ್ಟುಕೊಂಡು ಗುಂಡಿ ಹಾಕಲು ಹೋದರೆ ಗುಂಡಿಗೆ ತೂತು ಸಿಗಲಿಲ್ಲ. ನೋಡಿದರೆ ಗುಂಡಿಯನ್ನು ತೂತಿನ ಮೇಲೆಯೇ ಹೊಲಿದುಬಿಟ್ಟಿದ್ದಾರೆ. ಗುಂಡಿ ಇರಬೇಕಾದ ಕಡೆ ಬೋಳು.

ನನಗೆ ಹಬ್ಬವೇ ಆಯಿತು. ಪಡಸಾಲೆಯ ಉದ್ದಕ್ಕೂ ಅಂಗಿಯ ಎರಡು ಅಂಚು ಹಿಡಿದು, “ನೋಡ್ರಪ್ಪಾ, ನಲವತ್ತು ವರ್ಷದ ಕೈಚಳಕ!” ಎಂದು ಸಾರುತ್ತಾ ಹೊರಟೆ. ಎದುರಿಗೆ ಜಪ್ತಿಯಕ್ಕ ಸಿಕ್ಕರು. ಅವರಿಗೂ ತೋರಿಸಿದೆ.

ಆಕೆ ನಗಲಿಲ್ಲ. ಅಂಗಿಯ ಅಂಚನ್ನು ಕೈಯಿಂದ ಕಿತ್ತುಕೊಂಡು ದಾರವನ್ನು ನೋಡಿದರು. ಹೊಲಿಗೆ ಅಡ್ಡಾದಿಡ್ಡಿ, ಕೊನೆಗೆ ಗಂಟೇ ಹಾಕಿರಲಿಲ್ಲ, ದಾರ ಸುಮ್ಮನೆ ಜೋತಾಡುತ್ತಿತ್ತು.

“ಅವರೆಲ್ಲಿ?” ಅಂದರು.

“ಎಲ್ಲೋ ವಾಕಿಂಗ್…”

“ಸಾರ್, ಇದು ತಮಾಷೆ ಅಲ್ಲ. ಇಂಥ ಕೆಲಸ ಅವರ ಕೈ ಮಾಡಲ್ಲ. ಸಕ್ಕರೆ ಇಳಿದಿದೆ, ತಲೆಗೆ ಹೋಗಿದೆ. ನನ್ನ ಗಂಡ ಹೀಗೇ ಒಂದಿನ ಉರಿಯೋ ಒಲೆಗೆ ಬರಿಗೈ ಹಾಕಿದ್ರು. ಓಡಿ!”

ಹಿತ್ತಿಲಿನಲ್ಲಿ ಬೇರುಗಳನ್ನು ಒಣಹಾಕುವ ಕಟ್ಟೆಯ ಮೇಲೆ ಸಿಕ್ಕರು. ಬಟ್ಟೆ ಬೆವರಿನಲ್ಲಿ ತೊಯ್ದಿತ್ತು, ಮುಖ ಬಿಳಿಚಿತ್ತು, ಬಲಗೈ ಗಾಳಿಯಲ್ಲಿ ಇಲ್ಲದ ಸೂಜಿಯನ್ನು ಎಳೆಯುತ್ತಿತ್ತು. ಕರೆದರೆ ನನ್ನ ಮುಖ ನೋಡಿ, ನಾಳೆ ಕೊಡ್ತೀನಿ, ನಾಳೆ ಆಗುತ್ತೆ ಎಂದು ಗಿರಾಕಿಗೆ ಹೇಳುವಂತೆ ಹೇಳಿದರು.

ಅಡುಗೆಮನೆಯಲ್ಲಿ ಒಂದು ಹರಳು ಸಕ್ಕರೆ ಇರಲಿಲ್ಲ, ಅದು ಆಕೆಯದೇ ಹೆಮ್ಮೆಯ ಮಾತು. ಜೇನುತುಪ್ಪ ಇದ್ದದ್ದು ಅಂಗಳದಾಚೆಯ ಔಷಧಿ ಕೋಣೆಯಲ್ಲಿ, ಅದಕ್ಕೆ ಹಾಕಿದ ಬೀಗದ ಕೈ ವೈದ್ಯರ ಹತ್ತಿರ. ಹತ್ತಿರ ಇದ್ದದ್ದು ಒಂದೇ, ಆ ಕಪಾಟು. ಆಕೆ ಸೊಂಟದ ಗೊಂಚಲನ್ನು ಕಿತ್ತು ಬೀಗಕ್ಕೆ ಹಾಕುವಾಗ ಎರಡು ಸಲ ತಪ್ಪಿತು. ಬಾಗಿಲು ತೆರೆಯಿತು. ನನ್ನ ಕಡಲೆಕಾಯಿ, ಪೋಸ್ಟ್‌ಮಾಸ್ಟರರ ಉಪ್ಪಿನಕಾಯಿ, ಎಲ್ಲವನ್ನೂ ಸರಿಸಿ ಆಕೆಯ ಕೈ ನೇರವಾಗಿ ಹೋದದ್ದು ಆ ಚಪ್ಪಟೆ ಡಬ್ಬಿಗೆ. ಚೀಟಿಯನ್ನು ಓದಿದರು. ಅರ್ಧ ನಿಮಿಷವೂ ಇಲ್ಲ, ಆದರೆ ಆಕೆಗೆ ಎಲ್ಲ ತಿಳಿದದ್ದು ಆ ಹೊತ್ತಿನಲ್ಲೇ ಎಂದು ನನಗೆ ಗೊತ್ತು. ಯಾಕೆಂದರೆ ನನಗೂ ಆಗಲೇ ತಿಳಿಯಿತು. ‘ನಂಗೆ ಒಂದೊಂದ್ಸಲ…’ ಎಂದು ನಿಂತ ಆ ಮಾತು ಎಲ್ಲಿಗೆ ಹೋಗುತ್ತಿತ್ತು ಎಂದು.

ನುಂಗಲು ಆಗುತ್ತದಾ ಎಂದು ಮೊದಲು ಒಂದು ಚಮಚ ನೀರು ಕೊಟ್ಟು ನೋಡಿದರು. ನುಂಗಿದರು. ನಾಲ್ಕು ತುಂಡನ್ನು ನೀರಿಗೆ ಹಾಕಿ ಕದಡಿ, ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡು, ಮಗುವಿಗೆ ಕುಡಿಸುವಂತೆ ಗುಟುಕು ಗುಟುಕಾಗಿ ಕುಡಿಸಿದರು. ಅಷ್ಟರಲ್ಲಿ ವೈದ್ಯರು ಓಡಿ ಬಂದು ಬೆರಳಿಗೆ ಚುಚ್ಚಿ ನೋಡಿದರೆ ಯಂತ್ರದಲ್ಲಿ ನಲವತ್ತೊಂದು, ಎಪ್ಪತ್ತರ ಕೆಳಗಿಳಿದರೇ ಅಪಾಯ. ಮತ್ತೆರಡು ತುಂಡು. ಕಾಲು ಗಂಟೆಯಲ್ಲಿ ಟೈಲರ್ ಸುತ್ತ ನೋಡಿ, “ಯಾಕೆ ಎಲ್ಲರೂ ನಿಂತಿದ್ದೀರಿ, ಕೂತ್ಕೊಳ್ಳಿ” ಎಂದರು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಆವತ್ತು ಸಂಜೆ ಟೈಲರ ಮಗಳು ಬಂದಳು, ನರ್ಸರಿ ಶಾಲೆಯ ಟೀಚರು. ಊಟದ ಕೋಣೆಯಲ್ಲಿ ಎಲ್ಲರೆದುರು ಜಪ್ತಿಯಕ್ಕನ ಎರಡೂ ಕೈ ಹಿಡಿದು, ನೀವು ಇಲ್ಲದಿದ್ದರೆ ನಮ್ಮಪ್ಪ ಇರುತ್ತಿರಲಿಲ್ಲ ಎಂದು ಅತ್ತಳು. ಜನ ಚಪ್ಪಾಳೆ ತಟ್ಟಿದರು. ಅಂಗಿ ನೋಡಿ ರೋಗ ಕಂಡುಹಿಡಿದರಲ್ಲ, ಹದ್ದಿನ ಕಣ್ಣು ಕಣ್ರೀ ಎಂದರು ಪೋಸ್ಟ್‌ಮಾಸ್ಟರ್. ನಾನು ಟೈಲರನ್ನು ನೋಡಿದೆ. ಅವರು ಮೆಲ್ಲಗೆ ನಗುತ್ತಾ ಕೂತಿದ್ದರು. ಸಕ್ಕರೆ ಯಾರದ್ದು, ಅದನ್ನು ಕಿತ್ತುಕೊಂಡವರು ಯಾರು ಎಂದು ಅವರು ಬಾಯಿ ಬಿಡುವವರಲ್ಲ. ಮೊದಲ ದಿನ ನಕ್ಕವರಿಗೆ ಆ ತುಂಡುಗಳ ನೆನಪೇ ಇರಲಿಲ್ಲ, ನಾನಂತೂ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಅಂದರೆ ಜಪ್ತಿಯಕ್ಕ ಸುಮ್ಮನಿದ್ದರೆ ಸಾಕಿತ್ತು, ಆ ಚಪ್ಪಾಳೆ ಆಕೆಯದೇ ಆಗಿ ಉಳಿಯುತ್ತಿತ್ತು.

ಆಕೆ ಹುಡುಗಿಯ ಕೈ ಬಿಡಿಸಿಕೊಂಡರು.

“ಇಲ್ಲಮ್ಮ. ನಾನು ಬದುಕಿಸಿದ್ದು ನಿಜ ಅಲ್ಲ. ಮೊದಲನೇ ದಿನ ನಿಮ್ಮಪ್ಪನ ಜೇಬಲ್ಲಿ ಸಕ್ಕರೆ ಇತ್ತು. ಹೀಗಾದಾಗ ಬಾಯಿಗೆ ಹಾಕ್ಕೊಳ್ಳೋಕೆ ಅಂತ ಇಟ್ಕೊಂಡಿದ್ದು. ಹೇಳೋಕೆ ಬಂದ್ರು. ನಾನು ಕೇಳಲಿಲ್ಲ. ಕಿತ್ಕೊಂಡೆ, ಬೀಗ ಹಾಕಿದೆ. ಖಾಲಿ ಬಟ್ಟಲು ನೋಡಿ ಊಟ ಆಗಿದೆ ಅಂತ ಬರ್ಕೊಂಡೆ, ಮುಖ ನೋಡ್ಲಿಲ್ಲ. ಅವರದ್ದೇ ಸಕ್ಕರೆ ಅವರಿಗೆ ಕುಡಿಸಿದೆ, ಅದೂ ಹತ್ತು ದಿನ ತಡವಾಗಿ.”

ಆಮೇಲೆ ಸೊಂಟದಿಂದ ಗೊಂಚಲು ಬಿಚ್ಚಿ ವೈದ್ಯರ ಮುಂದೆ ಮೇಜಿನ ಮೇಲಿಟ್ಟರು. “ಇದು ಇಟ್ಕೊಳ್ಳೋ ಯೋಗ್ಯತೆ ನಂಗಿದೆಯಾ ಅಂತ ನೀವು ನೋಡಿ ಹೇಳಿ” ಎಂದರು. ಹನ್ನೆರಡು ವರ್ಷದ ಸಂಸಾರವನ್ನು ಆಕೆ ಆ ಮೇಜಿನ ಮೇಲಿಟ್ಟದ್ದು, ನನಗೆ ಕಾಣುತ್ತಿತ್ತು. ನನ್ನ ಜೀವನದಲ್ಲಿ ಅಂಥ ಧೈರ್ಯವನ್ನು ನಾನು ಇನ್ನೆಲ್ಲೂ ನೋಡಿಲ್ಲ, ಸ್ಟೀರಿಂಗ್ ಮೇಲಂತೂ ಇಲ್ಲವೇ ಇಲ್ಲ.

ವೈದ್ಯರು ಗೊಂಚಲನ್ನು ಕೈಗೆತ್ತಿಕೊಂಡರು. “ಅವರಿಗೆ ಹೀಗಾಗುತ್ತೆ ಅಂತ ನನ್ನ ಫೈಲಿನಲ್ಲಿ ಬರೆದಿತ್ತು. ಚೀಲ ನೋಡೋರಿಗೆ ನಾನು ಹೇಳಲಿಲ್ಲ. ತಪ್ಪಿನಲ್ಲಿ ದೊಡ್ಡ ಪಾಲು ನಂದು. ಆದ್ರೂ ಮೂರು ದಿನ ಇದು ನನ್ನ ಹತ್ತಿರ ಇರಲಿ, ಯೋಚನೆ ಮಾಡ್ಬೇಕು” ಎಂದು ಗೊಂಚಲನ್ನು ಜೇಬಿಗೆ ಹಾಕಿಕೊಂಡರು.

ಆ ಮೂರು ದಿನ ಕಪಾಟಿಗೆ ಬೀಗವಿರಲಿಲ್ಲ. ಜಪ್ತಿಯಕ್ಕ ಎಂದಿನಂತೆ ಗಂಜಿ ಕಾಯಿಸಿದರು, ಪಾದ ನೋಡಿದರು. ಆದರೆ ನಡೆದರೆ ಸದ್ದಿಲ್ಲ. ಆ ಸದ್ದಿಲ್ಲದಿರುವುದು ನಮಗೆ ಎಷ್ಟು ಕಷ್ಟವಾಯಿತೆಂದರೆ, ಇಬ್ಬರು ಮೂವರು ಆಕೆ ಬಂದಾಗ ಆ ಸದ್ದಿನ ಬದಲಿಗೆ ತಾವೇ ಕೆಮ್ಮುತ್ತಿದ್ದರು. ಟೈಲರಂತೂ ಆಕೆಯನ್ನು ಕಂಡರೆ ತಾವೇ ಅಪರಾಧಿಯ ಹಾಗೆ ತಲೆ ತಗ್ಗಿಸುತ್ತಿದ್ದರು.

ಇನ್ನು ನನ್ನ ಪ್ರತಾಪ. ಎರಡನೆಯ ದಿನ ಮಧ್ಯಾಹ್ನ ಕಪಾಟಿನ ಮುಂದೆ ಹಾದುಹೋಗುತ್ತಿದ್ದೆ. ಯಾರೂ ಇರಲಿಲ್ಲ. ಮನಸ್ಸು ಕೆಟ್ಟಿದ್ದಾಗ ನನಗೆ ಬಾಯಿ ಆಡಬೇಕು, ಮಾತಾದರೂ ಸರಿ ಕಡಲೆಕಾಯಿಯಾದರೂ ಸರಿ. ಒಂದು ಹಿಡಿ ಅಂದುಕೊಂಡದ್ದು ಮೂರು ಹಿಡಿಯಾಯಿತು. ಹದಿಮೂರು ದಿನ ಗಂಜಿ ಕುಡಿದು ತಣ್ಣಗಾಗಿದ್ದ ಹೊಟ್ಟೆಗೆ ಆ ಖಾರ ಬಿದ್ದದ್ದೇ ತಡ, ಒಂದೇ ಗಂಟೆಯಲ್ಲಿ ಎದೆಯಿಂದ ಗಂಟಲಿನವರೆಗೆ ಬೆಂಕಿ. ಅಡುಗೆಮನೆಗೆ ಹೋಗಿ ಬಾಗಿಲಲ್ಲಿ ನಿಂತೆ. ಆಕೆ ನನ್ನ ಮುಖ ನೋಡಿ ಏನೂ ಕೇಳದೆ, ನೆನೆಸಿಟ್ಟಿದ್ದ ಕೊತ್ತಂಬರಿ ಬೀಜದ ನೀರನ್ನು ಸೋಸಿ ಲೋಟಕ್ಕೆ ಹಾಕಿದರು.

“ಅಕ್ಕಾ, ಒಂದು ತಪ್ಪಾಗಿದೆ” ಎಂದೆ.

“ಕಡಲೆಕಾಯಿ ತಾನೆ? ಬಾಗಿಲಿಗೆ ಬರೋಕ್ ಮುಂಚೆನೇ ವಾಸನೆ ಬಂತು.”

“ಅದಲ್ಲ. ಅವತ್ತು… ಅವರು ಹೇಳೋಕೆ ಹೊರಟಾಗ ನಾನು…”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಸಣ್ಣವನಿದ್ದಾಗಿಂದ ಕೇಳಿದ್ದೇನೆ. ಆ ಮಾತು ಒಬ್ಬ ಮನುಷ್ಯನ ಪ್ರಾಣದವರೆಗೂ ಹೋಗಬಹುದು ಅಂತ ಗೊತ್ತಿರಲಿಲ್ಲ. ಆಕೆ ಅಡ್ಡ ಬಾಯಿ ಹಾಕಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನಾನು ತಡವರಿಸಿ ತಡವರಿಸಿ ಪೂರ್ತಿ ಹೇಳಿ ಮುಗಿಸುವವರೆಗೆ ಸೌಟು ಹಿಡಿದು ನಿಂತೇ ಇದ್ದರು.

“ಗೊತ್ತು ಸಾರ್” ಅಂದರು ಆಮೇಲೆ. “ನೀವು ನಗಿಸಿದ್ದು ಹೌದು. ಆದ್ರೆ ಬೀಗ ಹಾಕಿದ್ದು ನಾನು. ನಿಮ್ಮ ಪಾಲು ನೀವು ಇಟ್ಕೊಳ್ಳಿ, ನನ್ನದ್ರಲ್ಲಿ ಕಮ್ಮಿ ಮಾಡೋಕೆ ಬರ್ಬೇಡಿ. ನೀರು ಕುಡೀರಿ.”

ಕುಡಿದೆ. ಕುಡಿದು ನೇರವಾಗಿ ವೈದ್ಯರ ಕೋಣೆಗೆ ಹೋದೆ. ಅಲ್ಲಿ ನನಗಿಂತ ಮೊದಲೇ ಟೈಲರ್ ಕೂತಿದ್ದರು. ಹೂವಿನ ಕುಂಡಕ್ಕೆ ಗಂಜಿ ಸುರಿದದ್ದನ್ನು ಆಗಷ್ಟೇ ಒಪ್ಪಿಕೊಂಡಿದ್ದರು. ನಾನು ನಗಿಸಿದ ಕಥೆ, ಕಡಲೆಕಾಯಿ ಕಥೆ ಎರಡನ್ನೂ ಹೇಳಿದೆ. ವೈದ್ಯರು ಎದುರಿದ್ದ ಪುಸ್ತಕ ತಿರುಗಿಸಿ, “ನಿಮ್ಮೊಬ್ಬರದೇ ಅಲ್ಲ. ಬೀಗ ತೆಗೆದ ಮೇಲೆ ಆರು ಜನರ ಸಕ್ಕರೆ ಏರಿದೆ” ಎಂದರು.

ಟೈಲರ್ ತಮ್ಮ ಚಪ್ಪಟೆ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಅಷ್ಟು ದಿನದಲ್ಲಿ ಮೊದಲ ಸಲ ಅವರ ದನಿ ನನಗೆ ಒಂದೇ ಸಲಕ್ಕೆ ಕೇಳಿಸಿತು. “ನನ್ನ ಡಬ್ಬಿ ನನಗೆ ಬಂತು. ಅವರ ಗೊಂಚಲು ಅವರಿಗೆ ಕೊಡಿ. ಗುಂಡಿ ತಪ್ಪಿದ್ದನ್ನ ನೋಡಿ ಜನ ನಗ್ತಾರೆ ಸಾರ್. ಅದನ್ನ ನೋಡಿ ಓಡೋರು ಎಷ್ಟು ಜನ ಇದ್ದಾರೆ?”

ಮೂರನೆಯ ದಿನ ಸಂಜೆ ಪಡಸಾಲೆಯಲ್ಲಿ ಆ ಸದ್ದು ಕೇಳಿಸಿತು. ಪೋಸ್ಟ್‌ಮಾಸ್ಟರ್ ಕೋಣೆಯಿಂದ ಹೊರಗೆ ಬಂದು ಸುಮ್ಮನೆ ನಿಂತು ಕೇಳಿಸಿಕೊಂಡರು. ಮಾರನೆಯ ಬೆಳಿಗ್ಗೆ ಪಡಸಾಲೆಯ ಎರಡೂ ತುದಿಗೆ ಒಂದೊಂದು ಕೆಂಪು ಡಬ್ಬಿ ಬಂತು, ಬೀಗವಿಲ್ಲದ್ದು, ಒಳಗೆ ಸಕ್ಕರೆ ತುಂಡು. ಕೈ ನಡುಗಿ ಬೆವರು ಬಂದರೆ ತಿಂದು ಕೂಗಿ ಎಂದು ಮೇಲೆ ಬರೆದಿದ್ದರು. ಅಡುಗೆಮನೆಯಲ್ಲಿ ಖಾಲಿ ಬಟ್ಟಲು ಇಸಿದುಕೊಳ್ಳುವಾಗ ಆಕೆ ಈಗ ಮುಖ ನೋಡಿ, “ಹೊಟ್ಟೆಗಾ, ಕುಂಡಕ್ಕಾ?” ಎಂದು ಕೇಳುತ್ತಿದ್ದರು.

ಹೊರಡುವ ಸೋಮವಾರ ನನ್ನ ಎದೆಯುರಿ ಮುಕ್ಕಾಲು ಪಾಲು ಇಳಿದಿತ್ತು. ಉಳಿದ ಕಾಲು ನಿಮ್ಮ ನಾಲಿಗೆಯ ಕೈಯಲ್ಲಿದೆ ಎಂದರು ವೈದ್ಯರು. ಟೈಲರ್ ಕಡಿಮೆ ಇನ್ಸುಲಿನ್ನಿನಲ್ಲಿ, ಜೇಬಿನಲ್ಲಿ ಡಬ್ಬಿಯ ಜೊತೆ, ಮಗಳ ಕೈ ಹಿಡಿದು ಮೊದಲೇ ಹೊರಟಿದ್ದರು. ನನ್ನ ಅಂಗಿಯ ಗುಂಡಿಯನ್ನು ಕಿತ್ತು ಸರಿಯಾದ ಜಾಗಕ್ಕೆ ಗಂಟು ಹಾಕಿ ಹೊಲಿದು ಕೊಟ್ಟಿದ್ದರು. ನಾನು ಉಳಿದ ಕಡಲೆಕಾಯಿಯ ಡಬ್ಬಿ ಇಸಿದುಕೊಳ್ಳಲು ಊಟದ ಕೋಣೆಗೆ ಹೋದರೆ ಹೊಸ ಮೂವತ್ತು ಜನ ಬಂದು ಕೂತಿದ್ದರು. ತಪಾಸಣೆ ನಡೆಯುತ್ತಿತ್ತು.

ಲೈಬ್ರರಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬರ ದಪ್ಪ ಪುಸ್ತಕದ ನಡುವೆ ಹಾಳೆ ಕೊರೆದು ಮಾಡಿದ ಗೂಡು. ಅದರಲ್ಲಿ ಸಾಲಾಗಿ ಚಾಕೊಲೇಟು.

“ಇದು ಆಸೆಗಾ, ಅಗತ್ಯಕ್ಕಾ?” ಕೇಳಿದರು ಜಪ್ತಿಯಕ್ಕ.

“ಅದು ಅಕ್ಕಾ… ನಂಗೆ…” ಆ ಹೆಂಗಸು ತಡವರಿಸಿದರು.

ಹಿಂದಿನ ಬೆಂಚಿನಿಂದ ಯಾರೋ ಮಾತು ಎಸೆಯಲು ಬಾಯಿ ತೆರೆದರು, ಒಂದಿಬ್ಬರು ಆಗಲೇ ಕಿಸಕ್ಕೆಂದರು. ಜಪ್ತಿಯಕ್ಕ ತಿರುಗದೆ ಕೈ ಮಾತ್ರ ಎತ್ತಿದರು.

“ಅವರು ಹೇಳಿ ಮುಗಿಸ್ಲಿ. ಆಮೇಲೆ ಎಲ್ಲರೂ ನಗೋಣ.”

ಆ ಹೆಂಗಸು ಎಲ್ಲರ ಮುಖ ನೋಡಿದರು, ಉಸಿರು ಎಳೆದುಕೊಂಡರು. “ನಂಗೆ ಸಕ್ಕರೆ ಗಿಕ್ಕರೆ ಇಳಿಯಲ್ಲ ಅಕ್ಕಾ. ನಂಗೆ ಇದು ತುಂಬಾ ಇಷ್ಟ, ಅಷ್ಟೇ.”

ಇಡೀ ಕೋಣೆ ನಕ್ಕಿತು. ಜಪ್ತಿಯಕ್ಕನೂ ಗೊಂಚಲು ಕುಲುಕುವ ಹಾಗೆ ನಕ್ಕರು, ನಗುತ್ತಲೇ ಕಪಾಟಿಗೆ ಬೀಗ ಹಾಕಿದರು. ಬಾಗಿಲಲ್ಲಿ ನಿಂತು ನಾನೂ ನಕ್ಕೆ, ಎಲ್ಲರಿಗಿಂತ ಕೊನೆಗೆ, ಆ ಹೆಂಗಸು ಹೇಳಿ ಮುಗಿಸಿದ್ದಾರೆ ಅಂತ ಖಾತ್ರಿ ಮಾಡಿಕೊಂಡು.